ಸೋಮವಾರದ ಮಾತ್ರೆ

ಬಂಡಳ್ಳಿಯಿಂದ ಮೋಡದವರೆಗೆ

ಇಪ್ಪತ್ತೊಂಬತ್ತು ವರ್ಷ ಕೊಳ್ಳೇಗಾಲ, ಹನೂರು, ಮಾದಪ್ಪನ ಬೆಟ್ಟ ಎಂದು ಬಸ್ಸಿನಲ್ಲಿ ನಿಂತೇ ಓಡಾಡಿದವನು ನಾನು. ಕಂಡಕ್ಟರಿಗೆ ಬಾಗಿಲ ಹತ್ತಿರ ಒಂದು ಸೀಟು ಇರುತ್ತದೆ, ನಿಜ. ಆದರೆ ಅಮಾವಾಸ್ಯೆಯ ದಿನ ಬೆಟ್ಟಕ್ಕೆ ಹೋಗುವ ಬಸ್ಸಿನಲ್ಲಿ ಆ ಸೀಟಿನ ಮೇಲೆ ಕೂತ ಕಂಡಕ್ಟರನನ್ನು ಯಾರೂ ಕಂಡಿಲ್ಲ. ನಿವೃತ್ತನಾದ ಮೇಲೆ ಒಂದು ಸಲವಾದರೂ ಕಿಟಕಿ ಪಕ್ಕ ಕೂತು ದೂರ ಹೋಗಬೇಕು ಅಂತ ಆಸೆಯಿತ್ತು. ಅದು ತೀರಿದ್ದು ಸಿಂಗಪುರಕ್ಕೆ ಹೋಗುವ ವಿಮಾನದಲ್ಲಿ. ಕಿಟಕಿಯಾಚೆ ಮೂರು ತಾಸು ಬರೀ ಮೋಡ. ನಾನು ಕತ್ತು ಹೊರಳಿಸಿಕೊಂಡು ನೋಡುತ್ತಲೇ ಇದ್ದೆ.

ಪಕ್ಕದಲ್ಲಿದ್ದ ಅಕ್ಕ ಪುಟ್ಟಮಾದಮ್ಮ, “ಏನ್ ನೋಡೀಯೆ ಬುಡ್ಲಾ ಸಿದ್ದ, ಒಂದ್ ಸ್ಟಾಪಾದ್ರೂ ಅದಾ ಇಲ್ಲಿ?” ಅಂದಳು.

ನಮ್ಮದು ಊರು ನೋಡುವ ಪ್ರಯಾಣವಾಗಿರಲಿಲ್ಲ. ಅಕ್ಕ ಬಂಡಳ್ಳಿಯವಳು. ಭಾವನ ಜೊತೆ ಸೇರಿ ರೇಷ್ಮೆ ಹುಳ ಸಾಕುತ್ತಾಳೆ. ಮೂರು ವರ್ಷದ ಕೆಳಗೆ ಅವಳ ತೊಡೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ನೋವಿರಲಿಲ್ಲ. ನೋವಿಲ್ಲದ್ದನ್ನು ನಮ್ಮ ಕಡೆ ಯಾರೂ ಕಾಯಿಲೆ ಅನ್ನುವುದಿಲ್ಲ. ಯಳಂದೂರಿನ ಕಡೆ ಒಬ್ಬರ ಹತ್ತಿರ ಎಣ್ಣೆ ಹಾಕಿಸಿ ನೀವಿಸಿಕೊಂಡು ಒಂದು ವರ್ಷ ಕಳೆದಳು. ಆಮೇಲೆ ಮೈಸೂರಿನಲ್ಲಿ ಗಂಟು ತೆಗೆದರು. ಅದು ಮೆತ್ತನೆಯ ಮಾಂಸಭಾಗದಲ್ಲಿ, ಸ್ನಾಯು ಕೊಬ್ಬಿನ ನಡುವೆ ಹುಟ್ಟುವ ಕ್ಯಾನ್ಸರ್ ಎಂದು ಆಗ ತಿಳಿಯಿತು. ಇನ್ನೊಂದು ವರ್ಷಕ್ಕೆ ಅದು ಶ್ವಾಸಕೋಶಕ್ಕೆ ಹೋಗಿತ್ತು. ಬೆಂಗಳೂರಿನಲ್ಲಿ ಕೊಟ್ಟ ಇಂಜೆಕ್ಷನ್ನುಗಳು ಕೂದಲು ಉದುರಿಸಿದವೇ ಹೊರತು ಅದನ್ನು ಉದುರಿಸಲಿಲ್ಲ.

ಕೊನೆಗೆ ಅಲ್ಲಿನ ಡಾಕ್ಟರು ಗಡ್ಡೆಯ ಒಂದು ಚೂರನ್ನು ಎಲ್ಲಿಗೋ ಕಳಿಸಿ ಪರೀಕ್ಷೆ ಮಾಡಿಸಿದರು. ಅದರಲ್ಲಿ ಅಪರೂಪದ ಒಂದು ದೋಷ ಸಿಕ್ಕಿತು. ದೋಷ ಸಿಕ್ಕಿದೆಯೆಂದು ಡಾಕ್ಟರು ನಕ್ಕರು, ನಾನೂ ನಕ್ಕೆ. ಯಾಕೆಂದರೆ ಅದೇ ದೋಷವನ್ನು ಹುಡುಕಿಕೊಂಡು ಹೋಗಿ ಹೊಡೆಯುವ ಒಂದು ಹೊಸ ಮಾತ್ರೆಯನ್ನು ಆಗ ಪರೀಕ್ಷೆ ಮಾಡುತ್ತಿದ್ದರು. ನಮ್ಮಲ್ಲಿ ಆ ಪರೀಕ್ಷೆಗೆ ಜನ ಸೇರಿಸಿಕೊಳ್ಳುವುದು ಮುಗಿದಿತ್ತು. ಸಿಂಗಪುರದಲ್ಲಿ ಇನ್ನೂ ಜಾಗವಿತ್ತು, ಹೋಗಿಬರುವ ಖರ್ಚೂ ಪರೀಕ್ಷೆ ನಡೆಸುವವರದೇ. ಮೊದಲ ಎರಡು ತಿಂಗಳು ಅಲ್ಲೇ ಇರಬೇಕು, ವಾರವಾರ ತೋರಿಸಬೇಕು, ಎಂಟನೇ ವಾರಕ್ಕೆ ಸ್ಕ್ಯಾನ್. ಗಡ್ಡೆಗಳು ಬೆಳೆದಿದ್ದರೆ ಅಲ್ಲಿಗೆ ಮುಗಿಯಿತು. ನಿಂತಿದ್ದರೆ ಮಾತ್ರೆ ಮುಂದುವರಿಯುತ್ತದೆ. ಅದರಾಚೆಗೆ ಕೊಡಲು ನನ್ನ ಹತ್ತಿರ ಬೇರೇನೂ ಇಲ್ಲ ಎಂದು ಡಾಕ್ಟರು ಅಕ್ಕನ ಮುಂದೆಯೇ ಹೇಳಿದರು.

ಭಾವನಿಗೆ ಮಂಡಿನೋವು, ಮೇಲಾಗಿ ಮನೆಯಲ್ಲಿ ಹುಳ ಎರಡನೇ ಜ್ವರಕ್ಕೆ ಕೂತಿದ್ದವು. ಹುಳ ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು ಸುಮ್ಮನೆ ಕೂರುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ಹಾಗಾಗಿ ನಾನು ಹೊರಟೆ. ನಮ್ಮ ತಾಯಿಯ ತವರು ಗೋಪಿನಾಥಂ ಆದ್ದರಿಂದ ಅಕ್ಕನಿಗೂ ನನಗೂ ತಮಿಳು ಬರುತ್ತದೆ. ಸಿಂಗಪುರದಲ್ಲಿ ತಮಿಳು ನಡೆಯುತ್ತದೆ ಎಂದು ಕೇಳಿದ ಮೇಲೆ ಅಕ್ಕನಿಗೆ ಅದು ಹೊಗೇನಕಲ್ಲಿನಿಂದ ಸ್ವಲ್ಪ ಮುಂದೆ ಅನ್ನಿಸಿಬಿಟ್ಟಿತ್ತು.

ಇಳಿದ ದಿನ

ವಿಮಾನ ನಿಲ್ದಾಣದಲ್ಲಿ ಅಕ್ಕನ ಕೈಚೀಲ ತೆಗೆಸಿದರು. ಒಳಗೆ ಬೆಟ್ಟದ ವಿಭೂತಿ, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿದ್ದು. ಬಿಳಿ ಪುಡಿ ಕಂಡ ಕೂಡಲೇ ಅಧಿಕಾರಿಯ ಮುಖ ಬದಲಾಯಿತು. ಏನಿದು ಎಂದು ಕೇಳಿದ. ನನಗೆ ಬಂದ ಇಂಗ್ಲಿಷಿನಲ್ಲಿ ಬೂದಿ ಅಂದೆ, ದೇವರದು ಅನ್ನುವ ಹೊತ್ತಿಗೆ ಮಾತು ತಡವರಿಸಿತು. ಅವನು ಗಂಟನ್ನು ನೋಡಿದ, ತಲೆಯಲ್ಲಿ ಕೂದಲಿಲ್ಲದ ಅಕ್ಕನನ್ನು ನೋಡಿದ. ಏನಂದುಕೊಂಡನೋ, ಎರಡೂ ಕೈಯಲ್ಲಿ ಗಂಟನ್ನು ಎತ್ತಿ ನನಗೆ ಕೊಟ್ಟು ತಲೆ ಬಾಗಿಸಿದ. ತೀರಿಕೊಂಡ ನಿಮ್ಮವರ ಬಗ್ಗೆ ನನಗೆ ದುಃಖವಿದೆ ಅಂದ.

“ಏನಂದ್ಲಾ ಅಂವ?” ಅಂತ ಅಕ್ಕ ಕೇಳಿದಳು.

“ಒಳ್ಳೇದಾಗ್ಲಿ ಅಂದ ಕಣಕ್ಕ,” ಅಂದೆ.

ನಾವು ಇಳಿದುಕೊಂಡದ್ದು ಒಬ್ಬ ವಯಸ್ಸಾದ ತಮಿಳು ಹೆಂಗಸಿನ ಮನೆಯ ಒಂದು ಕೋಣೆಯಲ್ಲಿ. ಹನ್ನೊಂದನೇ ಮಹಡಿ. ಅಲ್ಲಿನವರು ಕಿಟಕಿಯಿಂದ ಆಚೆಗೆ ಬಿದಿರು ಗಳಗಳನ್ನು ಚಾಚಿ ಬಟ್ಟೆ ಒಣಹಾಕುತ್ತಾರೆ. ಅಷ್ಟೆತ್ತರದ ಕಟ್ಟಡದ ತುಂಬ ಬಣ್ಣಬಣ್ಣದ ಬಟ್ಟೆ ಗಾಳಿಗೆ ಆಡುವುದನ್ನು ಕಂಡಾಗ ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಬಣ್ಣ ಹಾಕಿದ ರೇಷ್ಮೆ ನೂಲು ಒಣಗಲು ತೂಗುಬಿಟ್ಟಿರುವುದು ನೆನಪಾಯಿತು. ಮೊದಲ ಬೆಳಿಗ್ಗೆಯೇ ಅಕ್ಕ ಮಿಕ್ಕ ಅನ್ನವನ್ನು ಕೆಳಗೆ ಪಾರಿವಾಳಗಳಿಗೆ ಹಾಕಿ ಬಂದಳು. ಮನೆಯೊಡತಿ ಎದೆ ಹಿಡಿದುಕೊಂಡರು. ಆ ಊರಿನಲ್ಲಿ ಪಾರಿವಾಳಕ್ಕೆ ಅನ್ನ ಹಾಕುವುದು ತಪ್ಪಂತೆ, ದಂಡವಿದೆಯಂತೆ. ಹಸಿದ ಹಕ್ಕಿಗೆ ಹಾಕಬಾರದು ಅನ್ನುವ ಊರಲ್ಲಿ ನನಗೆ ಮಾತ್ರೆ ಕೊಡುತ್ತಾರಾ ಅಂತ ಅಕ್ಕ ಯೋಚನೆಗೆ ಬಿದ್ದಳು.

ಆಸ್ಪತ್ರೆಯ ಮೊದಲ ಮಂಗಳವಾರ

ಮಾತ್ರೆ ಕೊಟ್ಟರು. ಅದಕ್ಕೆ ಮುಂಚೆ ಎರಡು ಗಂಟೆ ಹೊತ್ತು ಮಾತಾಡಿದರು. ಚೀನೀ ಮುಖದ ಹಿರಿಯ ಡಾಕ್ಟರು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು, ಸೆಲ್ವಿ ಎಂಬ ನರ್ಸು ಅದನ್ನು ತಮಿಳಿಗೆ ತಿರುಗಿಸುತ್ತಿದ್ದರು. ಈ ಮಾತ್ರೆ ಕೆಟ್ಟ ಕೋಶದೊಳಗಿನ ಒಂದು ಸ್ವಿಚ್ಚನ್ನು ಮಾತ್ರ ಹುಡುಕಿ ಆರಿಸುತ್ತದೆ. ಒಳ್ಳೆಯ ಕೋಶಗಳಿಗೂ ಸ್ವಲ್ಪ ತಾಗಬಹುದು. ಬಾಯಿ ಹುಣ್ಣಾಗಬಹುದು, ಅಂಗಾಲು ಸುಲಿಯಬಹುದು, ಭೇದಿಯಾಗಬಹುದು.

“ಇದು ಅವಳಿಗೆ ಕೆಲಸ ಮಾಡುತ್ತದಾ?” ಎಂದು ನಾನು ಕೇಳಿದೆ.

“ಗೊತ್ತಿಲ್ಲ. ಗೊತ್ತಿದ್ದರೆ ನಾವು ಪರೀಕ್ಷೆ ಮಾಡುತ್ತಿರಲಿಲ್ಲ,” ಅಂದರು ಡಾಕ್ಟರು.

ನನ್ನ ಅರವತ್ತೆರಡು ವರ್ಷದಲ್ಲಿ ಗೊತ್ತಿಲ್ಲ ಅಂದ ಡಾಕ್ಟರನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ದಿಗಿಲಾಯಿತು. ಅಕ್ಕನಿಗೆ ಮಾತ್ರ ಅವರ ಮೇಲೆ ನಂಬಿಕೆ ಬಂದದ್ದು ಆ ಮಾತಿನಿಂದಲೇ. ಒಪ್ಪಿಗೆಯ ಕಾಗದಕ್ಕೆ ಅಲ್ಲೇ ಸಹಿ ಹಾಕಿದಳು.

ನಿಯಮಗಳು ಒಂದೆರಡಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು, ಎರಡೂ ಊಟವಾದ ಮೇಲೆ. ಬರೀ ಹೊಟ್ಟೆಯಲ್ಲಿ ಖಂಡಿತ ಬೇಡ. ಚಕ್ಕೋತ ಹಣ್ಣು ಕೂಡದು, ನಾಟಿ ಔಷಧಿ ಕೂಡದು. ಪ್ರತಿ ಮಾತ್ರೆಗೂ ಒಂದು ಪುಸ್ತಕದಲ್ಲಿ ಗುರುತು ಹಾಕಬೇಕು. ನಾಲ್ಕು ವಾರಕ್ಕೊಮ್ಮೆ ಡಬ್ಬಿ ವಾಪಸು ತಂದು ಎಣಿಸಬೇಕು. ನನಗೆ ತಲೆ ತಿರುಗಿತು. ಅಕ್ಕ ನಕ್ಕಳು.

“ನಮ್ ಉಳದ ಮನೆಗಿಂತ ಇವ್ರ ಕಟ್ಟುಪಾಡು ಎಚ್ಚೇನಲ್ಲ ಬುಡ್ಲಾ.”

ಅದು ನಿಜ. ಅವಳ ಹುಳದ ಮನೆಗೆ ಬೀಡಿ ಸೇದಿದವನು ಬರುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ಕಾಲು ತೊಳೆಯದೆ ಹೊಸ್ತಿಲು ದಾಟುವಂತಿಲ್ಲ. ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳಬೇಕು. ಜ್ವರಕ್ಕೆ ಕೂತಾಗ ಒಂದು ಎಲೆಯೂ ಬೀಳಬಾರದು. ಇಂಥವಳಿಗೆ ಎರಡು ಮಾತ್ರೆಯ ಶಿಸ್ತು ಎಷ್ಟರದು? ಪುಸ್ತಕ ಬರೆಯುವುದು ಮಾತ್ರ ನನ್ನ ಪಾಲಿಗೆ ಬಂತು. ಇಪ್ಪತ್ತೊಂಬತ್ತು ವರ್ಷ ಬಸ್ಸಿನ ಲೆಕ್ಕದ ಹಾಳೆ ತುಂಬಿದವನಿಗೆ ಇದೇನು ಮಹಾ ಎಂದು ಪೆನ್ನು ತೆಗೆದುಕೊಂಡೆ.

ಕಂಡಕ್ಟರಿಲ್ಲದ ಬಸ್ಸು

ಆ ಊರಿನ ಬಸ್ಸಿನಲ್ಲಿ ಕಂಡಕ್ಟರ್ ಇಲ್ಲ. ಹತ್ತುವಾಗ ಒಂದು ಕಾರ್ಡನ್ನು ಯಂತ್ರಕ್ಕೆ ತೋರಿಸಬೇಕು, ಇಳಿಯುವಾಗ ಮತ್ತೆ ತೋರಿಸಬೇಕು. ಯಾರೂ ಒಳಗೆ ಹೋಗ್ರಿ ಅನ್ನುವುದಿಲ್ಲ. ಜನ ತಾವಾಗೇ ಒಳಗೆ ಹೋಗುತ್ತಾರೆ. ಇದನ್ನು ಕಂಡು ನನಗೆ ಮೊದಲು ಆಶ್ಚರ್ಯ, ಆಮೇಲೆ ಬೇಜಾರು. ನನ್ನಂಥವನು ಇಲ್ಲದೆಯೂ ಬಸ್ಸು ಇಷ್ಟು ಸಲೀಸಾಗಿ ಓಡುತ್ತದೆ ಅನ್ನುವುದು ಯಾರಿಗೆ ತಾನೇ ಹಿತ? ಮೂರನೇ ದಿನ ನಾನು ಇಳಿಯುವಾಗ ಕಾರ್ಡು ತೋರಿಸುವುದನ್ನೇ ಮರೆತೆ. ಜೀವಮಾನವೆಲ್ಲ ಅಂಥವರನ್ನು ಹಿಡಿದು ಬೈದ ಬಾಯಿ ನನ್ನದು. ಫುಟ್‌ಪಾತಿನ ಮೇಲೆ ನಿಂತು ಹೋಗುವ ಬಸ್ಸನ್ನು ನೋಡುತ್ತಿದ್ದೆ, ಯಾರೂ ಬೈಯಲಿಲ್ಲ.

ಇನ್ನೊಂದು ದಿನ ಊಟದ ಜಾಗದಲ್ಲಿ ಖಾಲಿ ಮೇಜಿನ ಮೇಲೆ ಒಂದು ಪುಟ್ಟ ಕಾಗದದ ಕರವಸ್ತ್ರದ ಪೊಟ್ಟಣ ಬಿದ್ದಿತ್ತು. ಪಾಪ ಯಾರೋ ಮರೆತು ಹೋಗಿದ್ದಾರೆ ಎಂದು ಅಕ್ಕ ಅದನ್ನು ಎತ್ತಿಕೊಂಡು, ಮೇಜು ಒರೆಸುತ್ತಿದ್ದ ಮುದುಕಿಯ ಕೈಗಿತ್ತಳು. ನಾವು ಅಲ್ಲೇ ಕೂತು ಇಡ್ಲಿ ಮುರಿಯುವಷ್ಟರಲ್ಲಿ ತಟ್ಟೆ ಹಿಡಿದ ಮೂವರು ಬಂದು ನಮ್ಮನ್ನು ದಿಟ್ಟಿಸಿ ನಿಂತರು. ಪೊಟ್ಟಣ ಇಟ್ಟರೆ ಮೇಜು ಅವರದಾಯಿತು ಅಂತ ಆ ಊರಿನ ಪದ್ಧತಿಯಂತೆ. ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿಯುವ ನಮ್ಮ ಜನರ ಅಣ್ಣತಮ್ಮಂದಿರು ಇವರು ಎಂದು ನನಗೆ ಬಹಳ ಸಮಾಧಾನವಾಯಿತು. ವ್ಯತ್ಯಾಸ ಏನೆಂದರೆ ಅಲ್ಲಿ ಪೊಟ್ಟಣ ಇಟ್ಟವನು ಹೋಗಿ ಸಾಲಿನಲ್ಲಿ ನಿಂತು ಬರುತ್ತಾನೆ, ಜಗಳವಿಲ್ಲ.

ಮಾತ್ರೆ ತನ್ನ ಆಟ ಶುರುಮಾಡಿತ್ತು. ಅಕ್ಕನ ಅಂಗಾಲು ಕೆಂಪಾಗಿ ಸುಲಿಯತೊಡಗಿತು, ಬಾಯಲ್ಲಿ ಹುಣ್ಣು. ಆದರೆ ಮಂಗಳವಾರ ಮಂಗಳವಾರ ಸೆಲ್ವಿ “ಎಪ್ಪಡಿ ಇರುಕ್ಕೀಂಗ ಅಕ್ಕಾ?” ಅಂದರೆ ಅಕ್ಕನದು ಒಂದೇ ಉತ್ತರ, ಚೆನ್ನಾಗಿದೀನಿ. ಮನೆಗೆ ಬಂದವರ ಹತ್ತಿರ ನೋವು ಹೇಳಿಕೊಳ್ಳುವುದು ಅವಳ ಪಾಲಿಗೆ ಮರ್ಯಾದೆಯಲ್ಲ, ತಾನೇ ಬೇರೆಯವರ ಮನೆಗೆ ಬಂದಿರುವಾಗಲಂತೂ ಇಲ್ಲವೇ ಇಲ್ಲ. ಸೆಲ್ವಿ ಎರಡು ವಾರದಲ್ಲಿ ಇದನ್ನು ಅರ್ಥಮಾಡಿಕೊಂಡರು. ಹೇಗಿದೀರಿ ಅನ್ನುವುದನ್ನು ಬಿಟ್ಟು, ಚಪ್ಪಲಿ ಬಿಚ್ಚಿ ಅಕ್ಕಾ, ಬಾಯಿ ತೆಗೀರಿ ಅಕ್ಕಾ ಅನ್ನತೊಡಗಿದರು.

ಊರಿನಿಂದ ಭಾವನ ಫೋನು ದಿನಾ ಬರುತ್ತಿತ್ತು. ನಾನು ಹೇಳಿದ್ದನ್ನೆಲ್ಲ ಅವರು ಸಂಜೆಯ ಹೊತ್ತಿಗೆ ಇಡೀ ಬಂಡಳ್ಳಿಗೆ ಹೇಳಿ ಮುಗಿಸಿರುತ್ತಿದ್ದರು. ಅಕ್ಕನ ಅಂಗಾಲಿನ ಸುದ್ದಿ ಅಜ್ಜೀಪುರದವರೆಗೂ ತಲುಪಿತ್ತಂತೆ.

ನಾಲ್ಕನೇ ಸೋಮವಾರ

ಮರುದಿನ ಡಬ್ಬಿ ವಾಪಸು ಕೊಡಬೇಕಿತ್ತು. ಸಂಜೆ ಐದರ ಹೊತ್ತಿಗೆ ನಾನು ಅದನ್ನು ಮೇಜಿನ ಮೇಲೆ ಸುರಿದೆ. ಆ ಸಂಜೆಯ ಒಂದೇ ಮಾತ್ರೆ ಉಳಿದಿರಬೇಕಿತ್ತು. ನಾಲ್ಕಿದ್ದವು.

ಪುಸ್ತಕ ತೆರೆದು ನೋಡಿದೆ. ಬೆಳಿಗ್ಗೆ, ಸಂಜೆ, ಬೆಳಿಗ್ಗೆ, ಸಂಜೆ, ಒಂದು ಚೌಕವೂ ಬಿಡದಂತೆ ನನ್ನ ಅಂದವಾದ ಗುರುತುಗಳು.

“ಅಕ್ಕ, ಮೂರು ಮಾತ್ರೆ ಜಾಸ್ತಿ ಅವೆ.”

ಅಕ್ಕ ಮಂಚದ ಮೇಲೆ ಕಾಲಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದಳು. ತಲೆಯನ್ನೂ ಎತ್ತಲಿಲ್ಲ. “ಸೋಮಾರದವು,” ಅಂದಳು.

“ಯಾವ ಸೋಮಾರ?”

“ಮೂರು ಸೋಮಾರ ಆಯ್ತಲ್ಲ ಬಂದು. ಊಟ ಆದ್ಮೇಲೆ ತಾನೇ ಮಾತ್ರೆ? ಸೋಮಾರ ಸಂಜೆ ಊಟ ಎಲ್ಲದ್ಲಾ ನಂಗೆ? ಊಟ ಇಲ್ದೆ ನುಂಗ್ಬ್ಯಾಡಿ ಅಂತ ಅವ್ರೇ ಏಳಿದ್ರಲ್ಲ, ನೀನೂ ಅಲ್ಲೇ ಕೂತಿದ್ದೆ.”

ಸೋಮವಾರ ನಮ್ಮ ಬೆಟ್ಟದ ದೇವರು ಮಾದಪ್ಪನ ದಿನ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಂದು ಒಪ್ಪತ್ತು, ಒಂದೇ ಹೊತ್ತಿನ ಊಟ. ಅಕ್ಕ ಅದನ್ನು ಮದುವೆಯಾದಾಗಿನಿಂದ ನಡೆಸಿಕೊಂಡು ಬಂದವಳು. ತೊಡೆಯಲ್ಲಿ ಗಂಟು ಬಂದ ಮೇಲಂತೂ ಬೆಳಗಿನ ಊಟ ಬಿಟ್ಟರೆ ನೀರು ಮಾತ್ರ ಎಂದು ಹರಕೆ ಹೊತ್ತಿದ್ದಳು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಸೋಮವಾರ ಸಂಜೆ ಮನೆಯೊಡತಿಯ ದೋಸೆಯನ್ನು ನಾನೊಬ್ಬನೇ ತಿನ್ನುತ್ತಿದ್ದೆ. ಆದರೂ ಊಟಕ್ಕೂ ಮಾತ್ರೆಗೂ ನನ್ನ ತಲೆಯಲ್ಲಿ ಗಂಟು ಬೀಳಲಿಲ್ಲ. ಅವರು ಹೇಳಿದ್ದನ್ನು ಅಕ್ಷರಶಃ ಪಾಲಿಸಿದವಳು ಅವಳು. ಪಾಲಿಸದೆ ಇದ್ದವನು ನಾನು.

“ಮತ್ತೆ ನೀ ಅದೇನ್ ಗೀಟಾಕ್ತಿದ್ದೆ ದಿನಾ?” ಎಂದು ಅಕ್ಕ ಕೇಳಿದಳು.

“ನೀನ್ ನುಂಗಿದೀಯ ಅಂತ.”

“ನೋಡಿದ್ಯಾ?”

ನೋಡಿರಲಿಲ್ಲ. ಬಸ್ಸಿನ ಕಾಲದಿಂದ ನನಗೊಂದು ಕೆಟ್ಟ ಚಾಳಿ. ಸ್ಟಾಪು ಬರುವ ಮೊದಲೇ ಹಾಳೆ ತುಂಬಿಬಿಡುತ್ತಿದ್ದೆ, ಆಮೇಲೆ ಜನದಲ್ಲಿ ಕೈಗೆ ಬಿಡುವು ಸಿಗದು ಅಂತ. ಇಲ್ಲೂ ಹಾಗೇ, ಬೆಳಗಿನ ಕಾಫಿಯ ಜೊತೆಗೇ ಸಂಜೆಯದನ್ನೂ ಗುರುತು ಹಾಕಿ ಸಮುದ್ರದ ಕಡೆ ತಿರುಗಾಡಲು ಹೋಗುತ್ತಿದ್ದೆ. ಸುಳ್ಳು ಬರೆಯುತ್ತಿದ್ದೇನೆ ಅಂತ ಒಂದು ದಿನವೂ ಅನ್ನಿಸಿರಲಿಲ್ಲ.

ನಿಯಮ ಮುರಿದವರನ್ನು ಪರೀಕ್ಷೆಯಿಂದ ತೆಗೆಯಬಹುದು ಎಂದು ಅಕ್ಕ ಸಹಿ ಹಾಕಿದ ಕಾಗದದಲ್ಲಿ ಇದ್ದದ್ದು ನೆನಪಾಯಿತು. ತೆಗೆದರೆ ಅಕ್ಕನಿಗೆ ಬೇರೆ ಮಾತ್ರೆ ಇಲ್ಲ. ಚೆಕಿಂಗ್ ಹತ್ತಿದಾಗ ಲೆಕ್ಕ ಹೊಂದಿಸುವುದು ಹೇಗೆ ಅಂತ ನನ್ನಂಥವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೂರು ಮಾತ್ರೆಯನ್ನು ಅಂಗೈಗೆ ಎತ್ತಿಕೊಂಡು ಬಚ್ಚಲ ಕಡೆ ನೋಡಿದೆ.

“ನೀರ್ಗೆ ಬುಟ್ಬುಡ್ತೀನಿ ಕಣಕ್ಕ. ಪುಸ್ತಕ ಸರ್ಯಾಗೇ ಅದೆ, ಡಬ್ಬೀನೂ ಸರಿಹೋಯ್ತದೆ. ಇನ್ಮೇಲೆ ಸೋಮಾರಾನೂ ನುಂಗು.”

ಅಕ್ಕ ಮುಲಾಮಿನ ಡಬ್ಬಿ ಮುಚ್ಚಿಟ್ಟಳು.

“ನಾಗಮ್ಮನ್ ಗೊತ್ತಲ್ಲ ನಿಂಗೆ, ನಮ್ ಇತ್ಲು ಕಡೇಳು? ಒಂದ್ ವರ್ಸ ನಮ್ ತಟ್ಟೇಲಿ ಸುಣ್ಣಕಟ್ಟು ಬಂದಿತ್ತು ಕಣ್ಲಾ. ಒಂದೆಲ್ಡು ತಟ್ಟೆ ಅಷ್ಟೇಯ. ಯಾರೂ ನೋಡ್ದಂಗೆ ಉಳಾನೆಲ್ಲ ತಕಂಡೋಗಿ ಗುಂಡೀಲಿ ಮುಚ್ಬುಟ್ಟೆ. ನಿಮ್ ಭಾವನ್ಗೂ ಏಳ್ನಿಲ್ಲ.”

ಸುಣ್ಣಕಟ್ಟು ಹುಳದ ರೋಗ. ಹುಳ ಸತ್ತು ಸುಣ್ಣದ ಕಡ್ಡಿಯ ಹಾಗೆ ಬಿಳಿಚಿ ಗಟ್ಟಿಯಾಗುತ್ತದೆ. ಹುಳ ಸಾಕುವ ಬಿದಿರಿನ ತಟ್ಟೆಗೆ, ಗೋಡೆಗೆ, ಸೆರಗಿಗೆ, ಎಲ್ಲಕ್ಕೂ ಹತ್ತುತ್ತದೆ. ಅದು ಬಂದರೆ ಊರಿಗೆ ಹೇಳಬೇಕು, ಸಾಮಾನು ಯಾರಿಗೂ ಕೊಡಬಾರದು. ಅಷ್ಟು ನನಗೂ ಗೊತ್ತು.

“ಅದೇ ವಾರ ನಾಗಮ್ಮ ತಟ್ಟೆ ಕೇಳಕೊಂಡು ಬಂದ್ಲು. ಇಲ್ಲ ಅಂದ್ರೆ ಯಾಕೆ ಅಂತಾಳೆ. ಬಾಯ್ ಬರ್ನಿಲ್ಲ. ಕೊಟ್ಬುಟ್ಟೆ. ಅವ್ಳ ಮನೇಲಿ ಆ ಸಲ ಒಂದ್ ಉಳಾನೂ ಗೂಡ್ ಕಟ್ನಿಲ್ಲ. ಗೋಡೆ ದೋಸ ಅಂದ್ಲು, ಸೊಪ್ಪಿನ್ ದೋಸ ಅಂದ್ಲು. ನಾನೂ ಊ ಅಂದೆ.” ಅಕ್ಕ ನನ್ನ ಅಂಗೈಯಲ್ಲಿದ್ದ ಮಾತ್ರೆಗಳ ಕಡೆ ಬೆರಳು ತೋರಿಸಿದಳು. “ಈ ಮೂರು ಮಾತ್ರೆ ನೀರ್ಗೆ ಬುಟ್ರೆ ಏನಾಯ್ತದೆ ಏಳು? ನನ್ ನೋಡಿ ಅವ್ರು ಬರ್ಕೊತಾರೆ, ಇಷ್ಟು ನುಂಗಿದ್ಲು, ಇಂಗಾಯ್ತು ಅಂತ. ನಾಳೆ ನನ್ನಂಗಿರೋ ಇನ್ನೊಬ್ಳು ಅದನ್ನೇ ನಂಬ್ಕೊಂಡು ನುಂಗ್ತಾಳೆ. ಇನ್ನೊಂದ್ ಸಲ ತಟ್ಟೆ ಕೊಡಾಕಾಗಲ್ಲ ಕಣ್ಲಾ ನನ್ ಕೈಲಿ.”

ನಾನು ಮಾತ್ರೆಗಳನ್ನು ಡಬ್ಬಿಗೆ ಹಾಕಿದೆ. ನನಗೆ ಅಕ್ಕನ ಮೇಲೆ ಕೋಪವೂ ಬಂತು, ಅವಳ ಕಾಲು ಹಿಡಿಯಬೇಕು ಅಂತಲೂ ಅನ್ನಿಸಿತು. ಸಾಯುವ ಬಾಗಿಲಲ್ಲಿ ನಿಂತವಳು ಇನ್ಯಾರದೋ ಯೋಚನೆ ಮಾಡುತ್ತಿದ್ದಾಳೆ. ನಾನು ಅವಳೊಬ್ಬಳ ಯೋಚನೆ ಮಾಡಿ ಕಳ್ಳನಾಗಲು ಹೊರಟಿದ್ದೆ.

ಎಣಿಸಿದ ದಿನ

ಸೆಲ್ವಿ ಮೇಜಿನ ಮೇಲೆ ಮಾತ್ರೆ ಸುರಿಯುವ ಮೊದಲೇ ಅಕ್ಕ ಹೇಳಿಬಿಟ್ಟಳು. ಹಿಂದಿನ ಸಂಜೆಯದನ್ನೂ ನುಂಗಿರಲಿಲ್ಲ, ಆದ್ದರಿಂದ ನಾಲ್ಕಿವೆ ಅಂತಲೂ ಹೇಳಿದಳು. ಪುಸ್ತಕದಲ್ಲಿ ಇರುವುದು ಸುಳ್ಳು ಎಂದು ನಾನು ಹೇಳಿದೆ. ಆ ಮಾತು ಗಂಟಲಿಂದ ಹೊರಡಲು ಬೆಟ್ಟದ ತಿರುವಿನಲ್ಲಿ ಬಸ್ಸು ಹತ್ತುವಷ್ಟು ಹೊತ್ತಾಯಿತು.

ಸೆಲ್ವಿ ಬೈಯಲಿಲ್ಲ. ಡಾಕ್ಟರನ್ನು ಕರೆತಂದರು. ಪರೀಕ್ಷೆ ನಡೆಸುವವರಿಗೆ ಇದನ್ನು ಬರೆದು ತಿಳಿಸಲೇಬೇಕು, ಅವರ ಉತ್ತರ ಬರುವವರೆಗೆ ಹೊಸ ಡಬ್ಬಿ ಕೊಡುವಂತಿಲ್ಲ ಎಂದರು ಡಾಕ್ಟರು.

ಎರಡು ದಿನ ಉತ್ತರ ಬರಲಿಲ್ಲ. ಮಾತ್ರೆಯಿಲ್ಲದ ಆ ಎರಡು ದಿನ ನಾನು ಹೊರಗೆ ಕಾಲಿಡಲಿಲ್ಲ. ಅಕ್ಕ ಒಂದು ಸಲ ಕೆಮ್ಮಿದರೆ ಅವಳ ಎದೆಯೊಳಗಿನ ಗಡ್ಡೆಗಳು ಬೆಳೆದ ಹಾಗೆ ನನಗೆ ಕೇಳಿಸುತ್ತಿತ್ತು. ಅವಳು ಮಾತ್ರ ಮನೆಯೊಡತಿಯ ಜೊತೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಹೇಳಿದ್ದಕ್ಕೆ ನನಗೆ ಪಶ್ಚಾತ್ತಾಪವಾಯಿತು, ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ. ಹೇಳಬಾರದಿತ್ತು ಎಂದು ಗಂಟೆಗೊಮ್ಮೆ ಅಂದುಕೊಂಡೆ.

ಗುರುವಾರ ಮಧ್ಯಾಹ್ನ ಕರೆ ಬಂತು. ಮುಂದುವರಿಸಬಹುದು. ತಪ್ಪಿದ ಮಾತ್ರೆಗಳು ತಪ್ಪಿದವು ಎಂದೇ ದಾಖಲಾಗುತ್ತವೆ, ಅಷ್ಟೇ. ಸೆಲ್ವಿ ನನ್ನ ಮುಂದೆ ಪುಸ್ತಕ ಇಟ್ಟರು. ಅಳಿಸಬಾರದು, ಬಿಳಿ ಹಚ್ಚಬಾರದು. ತಪ್ಪು ಗುರುತಿನ ಮೇಲೆ ಒಂದೇ ಗೆರೆ, ಕೆಳಗಿರುವುದು ಕಾಣಬೇಕು, ಪಕ್ಕದಲ್ಲಿ ಸಹಿ, ತಾರೀಕು. ನಾಲ್ಕು ಸೋಮವಾರ, ನಾಲ್ಕು ಗೆರೆ, ನಾಲ್ಕು ಸಹಿ. ನಾಲ್ಕನೆಯದಕ್ಕೆ ನನ್ನ ಕಣ್ಣು ತುಂಬಿ ಸಹಿ ವಕ್ರವಾಯಿತು.

ಇನ್ನು ಉಳಿದದ್ದು ಮುಂದಿನ ಸೋಮವಾರ. ಒಪ್ಪತ್ತು ಬಿಡಿ ಎಂದು ಡಾಕ್ಟರು ಹೇಳುತ್ತಾರೆ, ಅಕ್ಕ ಒಪ್ಪುವುದಿಲ್ಲ, ಅಲ್ಲಿಗೆ ಎಲ್ಲ ಕೆಡುತ್ತದೆ ಎಂದು ನಾನು ಕಾದಿದ್ದೆ. ಅವರು ಹಾಗೆ ಹೇಳಲಿಲ್ಲ. ಆ ಸಂಜೆ ನಿಮ್ಮ ದೇವರು ಏನಾದರೂ ಒಪ್ಪುತ್ತಾನಾ ಎಂದು ಕೇಳಿದರು.

ಅಕ್ಕ ಕಣ್ಣು ಮುಚ್ಚಿ ಮಾದಪ್ಪನಿಗೆ ಕೈ ಮುಗಿದಳು. ಆಮೇಲೆ ಸೆಲ್ವಿಗೆ ತಮಿಳಿನಲ್ಲಿ ಹೇಳಿದಳು, ಹಾಲು ಮಾದಪ್ಪನಿಗೆ ಎರೆಯುವ ಪದಾರ್ಥ, ಅದು ಊಟವಲ್ಲ, ಕುಡಿದರೆ ಅವನು ಮುನಿಯಲಾರ.

ಹಾಲಿನ ಜೊತೆ ಎರಡು ಬಾಳೆಹಣ್ಣು ಸೇರಿದರೆ ನನ್ನ ಲೆಕ್ಕದಲ್ಲಿ ಅದು ಊಟ ಎಂದರು ಡಾಕ್ಟರು. ಮಾದಪ್ಪನ ಲೆಕ್ಕದಲ್ಲಿ ಹಣ್ಣೂ ಊಟವಲ್ಲ ಅಂದಳು ಅಕ್ಕ. ಸೆಲ್ವಿ ಮುಖ ತಿರುಗಿಸಿಕೊಂಡು ನಕ್ಕರು. ಇನ್ನು ಮೇಲೆ ಎಲ್ಲರನ್ನೂ ಮೊದಲ ದಿನವೇ ಉಪವಾಸ ಮಾಡುತ್ತೀರಾ ಎಂದು ಕೇಳಬೇಕು ಅಂತ ಡಾಕ್ಟರು ತಮ್ಮ ಚೀಟಿಯಲ್ಲಿ ಬರೆದುಕೊಂಡರು.

ಎಂಟನೇ ವಾರ

ಸ್ಕ್ಯಾನಿನ ಮರುದಿನ ಡಾಕ್ಟರು ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ತೋರಿಸಿದರು. ಮೊದಲನೆಯದರಲ್ಲಿ ಶ್ವಾಸಕೋಶದ ತುಂಬ ಬಿಳಿ ಚುಕ್ಕೆಗಳು. ಎರಡನೆಯದರಲ್ಲೂ ಅಷ್ಟೇ ಚುಕ್ಕೆಗಳು. ಏನೂ ಗುಣವಾಗಿಲ್ಲ ಅಂದುಕೊಂಡೆ.

“ಹೊಸದು ಬಂದಿಲ್ಲ. ಇದ್ದವು ಬೆಳೆದಿಲ್ಲ. ಈ ಎರಡು ಸ್ವಲ್ಪ ಕಿರಿದಾಗಿವೆ,” ಅಂದರು. “ಮಾತ್ರೆ ಮುಂದುವರಿಸೋಣ. ಎಲ್ಲಿಯವರೆಗೆ ಹಿಡಿದು ನಿಲ್ಲಿಸುತ್ತದೆ ಅನ್ನುವುದು ನನಗೆ ಗೊತ್ತಿಲ್ಲ.”

ಅಕ್ಕ ಚಿತ್ರವನ್ನೇ ನೋಡುತ್ತಿದ್ದಳು. “ಜ್ವರಕ್ ಕೂತವೆ ಕಣ್ಲಾ,” ಅಂದಳು. ಸೊಪ್ಪು ಬಿಟ್ಟು ಅಲುಗಾಡದೆ ಕೂತ ಹುಳಗಳ ಹಾಗೆ. ಜ್ವರ ಬಿಟ್ಟ ಮೇಲೆ ಹುಳ ಏಳುತ್ತವೆ ಅನ್ನುವುದು ಅವಳಿಗೂ ಗೊತ್ತು, ನನಗೂ ಗೊತ್ತು. ಇಬ್ಬರೂ ಅದನ್ನು ಆಡಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕೂತು ಇಬ್ಬರೂ ಅತ್ತೆವು, ಸಂತೋಷಕ್ಕೇ ಅತ್ತದ್ದು. ಯಾರೋ ಅಪರಿಚಿತ ಹೆಂಗಸು ಹೋಗುತ್ತ ಹೋಗುತ್ತ ಅಕ್ಕನ ಮಡಿಲಲ್ಲಿ ಒಂದು ಕಾಗದದ ಕರವಸ್ತ್ರದ ಪೊಟ್ಟಣ ಇಟ್ಟು ಹೋದಳು.

ಬಂಡಳ್ಳಿ

ಇನ್ನು ಮೇಲೆ ಮಾತ್ರೆ ಮನೆಯಲ್ಲಿ, ರಕ್ತಪರೀಕ್ಷೆ ಮೈಸೂರಿನಲ್ಲಿ, ಎರಡು ತಿಂಗಳಿಗೊಮ್ಮೆ ಸಿಂಗಪುರ. ನಾವು ವಾಪಸು ಬಂದದ್ದು ಒಂದು ಸೋಮವಾರ. ಕೊಳ್ಳೇಗಾಲದಲ್ಲಿ ಬಸ್ಸು ಹತ್ತುವಾಗ ಕಂಡಕ್ಟರ್ ಹುಡುಗಿ “ಒಳಗೋಗ್ರಿ, ಒಳಗೋಗ್ರಿ, ಜಾಗ ಅದೆ” ಅಂತ ಕೂಗಿದಳು. ಆ ಕೂಗು ನನ್ನ ಕಿವಿಗೆ ಹಾಲೆರೆದ ಹಾಗಾಯಿತು. ಅಕ್ಕನಿಗೆ ಯಾರೋ ಎದ್ದು ಸೀಟು ಬಿಟ್ಟುಕೊಟ್ಟರು.

ಬಂಡಳ್ಳಿಯಲ್ಲಿ ಇಳಿದಾಗ ಸಂಜೆಯಾಗಿತ್ತು. ಭಾವ ಚೀಲಗಳನ್ನು ತೆಗೆದುಕೊಂಡು ಮುಂದೆ ನಡೆದರು. ಅಕ್ಕ ತನ್ನ ಮನೆಯ ಕಡೆ ತಿರುಗಲಿಲ್ಲ. ನೇರ ನಾಗಮ್ಮನ ಮನೆ ಕಡೆ ನಡೆದಳು. ಅಂಗಾಲು ಇನ್ನೂ ಸುಲಿದಿದ್ದರಿಂದ ನಿಧಾನವಾಗಿ ಹೆಜ್ಜೆ ಇಡುತ್ತಿದ್ದಳು. ಬೇಡವೆನ್ನುವ ಧೈರ್ಯ ನನಗೆ ಬರಲಿಲ್ಲ, ಹಿಂದೆ ಹೋದೆ.

ನಾಗಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅಕ್ಕನನ್ನು ಕಂಡು ಎದ್ದು ಬಂದು ತಬ್ಬಿಕೊಂಡಳು. ಅಕ್ಕ ಅವಳ ಕೈ ಬಿಡಿಸಿಕೊಂಡು ದೂರ ನಿಂತೇ ಹೇಳಿದಳು. ತಟ್ಟೆ, ಸುಣ್ಣಕಟ್ಟು, ಗುಂಡಿ, ಎಲ್ಲ. ಏನೂ ಬಿಡಲಿಲ್ಲ.

ನಾಗಮ್ಮನ ಕೈಯಲ್ಲಿದ್ದ ಕಾಯಿ ಹಾಗೇ ಇತ್ತು.

“ಆ ಸಲ ನಮ್ ಮಗ್ಳು ಸುಧನ್ ಮದ್ವೆ ನಿಂತೋಯ್ತು ಕಣಕ್ಕ,” ಅಂದಳು ಕೊನೆಗೆ. “ಒಂದ್ ವರ್ಸ ಮುಂದಕ್ಕೋಯ್ತು. ಎಣ್ಮಗ ಅಂಗೇ ಕಂಬಕ್ಕೊರಗಿ ಕೂತಿರ್ತಿತ್ತು.”

ಅಷ್ಟು ಹೇಳಿ ಒಳಗೆ ಹೋದಳು. ಬಾಗಿಲು ಅರ್ಧ ಮುಚ್ಚಿಕೊಂಡಿತು. ಅಕ್ಕ ಜಗಲಿಯ ತುದಿಯಲ್ಲಿ ಕೂತಳು. ಎದ್ದು ಹೋಗೋಣ ಅಂದೆ. ಅವಳು ಅಲುಗಾಡಲಿಲ್ಲ. ಒಳಗೆ ಪಾತ್ರೆಯ ಸದ್ದಾಯಿತು, ಆಮೇಲೆ ಅದೂ ನಿಂತಿತು. ಹೊತ್ತು ಮುಳುಗುತ್ತಿತ್ತು.

ನಾಗಮ್ಮ ಹೊರಗೆ ಬಂದಾಗ ಅವಳ ಒಂದು ಕೈಯಲ್ಲಿ ಹಾಲಿನ ಲೋಟ, ಇನ್ನೊಂದು ಕೈಯಲ್ಲಿ ಎರಡು ಬಾಳೆಹಣ್ಣು ಇದ್ದವು. ಕಣ್ಣು ಕೆಂಪಾಗಿತ್ತು. ಅಕ್ಕನ ಮುಖ ನೋಡದೆಯೇ ಲೋಟವನ್ನು ಅವಳ ಪಕ್ಕದಲ್ಲಿ ಇಟ್ಟಳು.

“ಸೋಮಾರ ಅಲ್ವಾ ಇವತ್ತು. ನಿನ್ ಗಂಡ ಊರ್ಗೆಲ್ಲ ಏಳವ್ನೆ. ಮಾತ್ರೆ ಒತ್ತಾಯ್ತು, ಕುಡಿ.”

ಅಕ್ಕ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹಣ್ಣು ತಿಂದಳು, ಹಾಲು ಕುಡಿದಳು, ಮಾತ್ರೆ ಬಾಯಿಗೆ ಹಾಕಿಕೊಂಡಳು. ನಾನು ಚೀಲದಿಂದ ಪುಸ್ತಕ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, ಅವಳು ನುಂಗುವವರೆಗೆ ನೋಡುತ್ತ ಕೂತಿದ್ದು ಆಮೇಲೆ ಗುರುತು ಹಾಕಿದೆ.